ವಿದೇಶ ಪ್ರಯಾಣಿಕರ ಎಲೆಕ್ಟ್ರಾನಿಕ್ ಸಾಧನಗಳು ಮತ್ತು ಸೀಮಾಸುಂಕ

ವಿದೇಶ ಪ್ರಯಾಣಿಕರ ಎಲೆಕ್ಟ್ರಾನಿಕ್ ಸಾಧನಗಳ ಸೀಮಾಸುಂಕ ವ್ಯವಸ್ಥೆ ಎಂದರೆ ಪ್ರಯಾಣಿಕರು ಮೈಮೇಲೆ, ಕೈಚೀಲದಲ್ಲಿ ಅಥವಾ ಪೆಟ್ಟಿಗೆಯಲ್ಲಿ ತರುವ ಮೊಬೈಲ್ ಫೋನ್, ಲ್ಯಾಪ್‌ಟಾಪ್, ಕ್ಯಾಮೆರಾ, ಟೆಲಿವಿಷನ್ ಮೊದಲಾದವನ್ನು ದೇಶದ ಗಡಿಯಲ್ಲಿ ತಪಾಸಣೆ ಮಾಡಿ, ಸುಂಕವಿಲ್ಲದೆ ಬಿಡುವ, ಸುಂಕ ವಿಧಿಸುವ, ತಡೆಹಿಡಿಯುವ ಅಥವಾ ಮುಟ್ಟುಗೋಲು ಹಾಕಿಕೊಳ್ಳುವ ಕಟ್ಟಳೆಗಳ ಸಮುಚ್ಚಯ. ಭಾರತದಲ್ಲಿ ಇದಕ್ಕೆ 1962ರ ಸೀಮಾಸುಂಕ ಅಧಿನಿಯಮದ 11ನೆಯ ಅಧ್ಯಾಯ ಮತ್ತು ಅದರಡಿ ಕಾಲಕಾಲಕ್ಕೆ ಹೊರಡಿಸುವ ಬ್ಯಾಗೇಜ್ ನಿಯಮಾವಳಿ ಆಧಾರ. ಮಿಕ್ಕ ಆಮದಿನಲ್ಲಿ ವಸ್ತು ಯಾವುದು ಎಂಬುದರ ಮೇಲೆ ಸುಂಕ ನಿಂತಿದ್ದರೆ, ಇಲ್ಲಿ ಅದು ಯಾರ ಜೊತೆ, ಹೇಗೆ ಬಂತು ಎಂಬುದೇ ಮುಖ್ಯವಾಗುತ್ತದೆ. ವ್ಯಾಪಾರಿ ತರಿಸಿದ ಫೋನಿಗೆ ಒಂದು ದರ, ಪ್ರಯಾಣಿಕನ ಚೀಲದಲ್ಲಿ ಬಂದ ಅದೇ ಮಾದರಿಯ ಫೋನಿಗೆ ಇನ್ನೊಂದು ದರ.

ಈ ಲೇಖನದಲ್ಲಿ ಸೀಮಾಸುಂಕ ಎಂಬುದು ತೆರಿಗೆಯನ್ನೂ ಕಸ್ಟಮ್ಸ್ ಎಂಬುದು ಅದನ್ನು ವಸೂಲು ಮಾಡುವ ಇಲಾಖೆಯನ್ನೂ ಸೂಚಿಸುತ್ತವೆ. ಬ್ಯಾಗೇಜ್ ಎಂದರೆ ಪ್ರಯಾಣಿಕನ ಜೊತೆಗೆ ಬರುವ ಅಥವಾ ಹಿಂದೆಮುಂದೆ ಬೇರೆಯಾಗಿ ಬರುವ ಸಾಮಾನು. ಕಾನೂನಿನ ಪ್ರಕಾರ ಮೋಟಾರು ವಾಹನ ಬ್ಯಾಗೇಜ್ ಅಲ್ಲ. ಮುಂದೆ ಕೊಟ್ಟಿರುವ ಭಾರತದ ಮೊತ್ತಗಳು, ಬೇರೆ ಹೇಳದಿದ್ದಲ್ಲಿ, 2026ರ ಫೆಬ್ರವರಿ ಆರಂಭದವರೆಗೆ ಜಾರಿಯಲ್ಲಿದ್ದ 2016ರ ನಿಯಮಾವಳಿಯವು. ಬಜೆಟ್ಟಿನ ಹೊತ್ತಿಗೆ ಇವು ಬದಲಾಗುವುದು ರೂಢಿ.

ಹಿನ್ನೆಲೆ

ಸ್ವಂತದ ಸಾಮಾನಿಗೂ ಮಾರಾಟದ ಸರಕಿಗೂ ಸುಂಕದಲ್ಲಿ ಭೇದ ಮಾಡುವುದು ಹಳೆಯ ಪದ್ಧತಿ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ ಮದುವೆಯ ಸಾಮಾನು, ತವರಿನಿಂದ ವಧು ಒಯ್ಯುವ ವಸ್ತುಗಳು, ಉಡುಗೊರೆ, ಪೂಜೆ ಮತ್ತು ಬಾಣಂತನಕ್ಕೆ ಬೇಕಾದ ಪದಾರ್ಥಗಳಿಗೆ ಸುಂಕವಿಲ್ಲವೆಂದು ವಿಧಿಸಲಾಗಿದೆ. ಇಂಥ ವಿನಾಯಿತಿಗಾಗಿ ಸುಳ್ಳು ಹೇಳಿದವರಿಗೆ ಕಳ್ಳತನದ ಶಿಕ್ಷೆ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಬರುವ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳು ಮುಖ್ಯವಾಗಿ ವ್ಯಾಪಾರದ ಸರಕಿನ ಮೇಲಿನ ಸುಂಕಗಳು.

ಬ್ರಿಟಿಷರ ಆಳ್ವಿಕೆಯಲ್ಲಿ 1878ರ ಸಾಗರ ಸುಂಕ ಅಧಿನಿಯಮ ಮತ್ತು 1924ರ ಭೂಸುಂಕ ಅಧಿನಿಯಮ ಜಾರಿಯಲ್ಲಿದ್ದವು. ಸ್ವಾತಂತ್ರ್ಯಾನಂತರ ಇವನ್ನು ಒಗ್ಗೂಡಿಸಿ 1962ರ ಅಧಿನಿಯಮವನ್ನು ರಚಿಸಲಾಯಿತು. ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು.

ಸಾಧನಗಳ ಮಟ್ಟಿಗೆ ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿ ಮಹತ್ವದ್ದು ಪ್ರವಾಸಿಗರ ಸುಂಕ ಸೌಲಭ್ಯಗಳ ಕುರಿತು 1954ರಲ್ಲಿ ನ್ಯೂಯಾರ್ಕಿನಲ್ಲಿ ಅಂಗೀಕೃತವಾಗಿ 1957ರಲ್ಲಿ ಜಾರಿಗೆ ಬಂದ ಒಪ್ಪಂದ. ಪ್ರವಾಸಿ ಸುಂಕ ಕೊಡದೆ ತಾತ್ಕಾಲಿಕವಾಗಿ ತರಬಹುದಾದ ಸ್ವಂತ ವಸ್ತುಗಳನ್ನು ಅದು ಒಂದೊಂದಾಗಿ ಎಣಿಸಿದೆ: ಐದು ರೋಲು ಫಿಲ್ಮಿನ ಒಂದು ಕ್ಯಾಮೆರಾ, ಎರಡು ರೀಲಿನ ಒಂದು ಚಿಕ್ಕ ಚಲನಚಿತ್ರ ಕ್ಯಾಮೆರಾ, ಹತ್ತು ತಟ್ಟೆಗಳೊಂದಿಗೆ ಒಂದು ಗ್ರಾಮಫೋನು, ಧ್ವನಿಮುದ್ರಣ ಯಂತ್ರ ಒಂದು, ರೇಡಿಯೊ ಒಂದು, ಟೈಪ್‌ರೈಟರು ಒಂದು. ಇಷ್ಟನ್ನೂ ಇಂದು ಒಂದೇ ಫೋನು ಮಾಡುತ್ತದೆ. ಆದರೂ ವಸ್ತುವಿಗೆ ಒಂದೊಂದು ಎಂಬ ಆ ಎಣಿಕೆಯ ಕ್ರಮ ಇಂದಿನ ನಿಯಮಗಳಲ್ಲಿ ಉಳಿದಿದೆ. ಭಾರತದಲ್ಲಿ ತಲೆಗೊಂದು ಲ್ಯಾಪ್‌ಟಾಪ್ ಎಂಬ ವಿನಾಯಿತಿ ಇದೇ ಧಾಟಿಯದು.

1970ರ ದಶಕದಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಮೆಗೆ ಹೋದ ಕರಾವಳಿಯ ಜನ ರಜೆಗೆ ಬರುವಾಗ ಟೂ-ಇನ್-ಒನ್, ವಿಸಿಆರ್, ಬಣ್ಣದ ಟಿವಿ ತರುತ್ತಿದ್ದರು. ಆಗ ಆಮದಿಗೆ ಪರವಾನಗಿಯ ಕಟ್ಟುನಿಟ್ಟು, ಮೇಲೆ ಭಾರಿ ಸುಂಕ. ಹಾಗಾಗಿ ವಿದೇಶಿ ಎಲೆಕ್ಟ್ರಾನಿಕ್ಸ್ ಸಾಮಾನ್ಯ ಮನೆಗಳಿಗೆ ನ್ಯಾಯವಾಗಿ ಬರುತ್ತಿದ್ದ ಮುಖ್ಯ ದಾರಿ ಬ್ಯಾಗೇಜ್. ‘ಫಾರಿನ್ ಸಾಮಾನು’ ಎಂಬ ಮಾತು ಕನ್ನಡದ ದಿನಬಳಕೆಗೆ ಬಂದದ್ದು ಈ ಅವಧಿಯಲ್ಲೇ. 1998ರ ನಿಯಮಾವಳಿಯಡಿ ಇದ್ದ ಸುಂಕರಹಿತ ಮಿತಿಯನ್ನು 2012ರಲ್ಲಿ 35,000 ರೂಪಾಯಿಗೂ 2014ರಲ್ಲಿ 45,000 ರೂಪಾಯಿಗೂ ಏರಿಸಲಾಯಿತು. 2016ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ನಿಯಮಾವಳಿ ಅದನ್ನು 50,000 ರೂಪಾಯಿ ಮಾಡಿತು.

ಕಾನೂನಿನ ಚೌಕಟ್ಟು

ಅಧಿನಿಯಮದ 77ನೆಯ ಕಲಮಿನಂತೆ ತನ್ನ ಸಾಮಾನಿನಲ್ಲಿ ಏನಿದೆಯೆಂದು ತಿಳಿಸುವ ಹೊಣೆ ಪ್ರಯಾಣಿಕನದೇ. 78ನೆಯ ಕಲಮು ಆ ಘೋಷಣೆಯ ದಿನದ ದರವೇ ಅನ್ವಯಿಸುತ್ತದೆ ಎನ್ನುತ್ತದೆ. ವಿನಾಯಿತಿಯ ಮೂಲ 79ನೆಯ ಕಲಮಿನಲ್ಲಿದೆ. ಪ್ರಯಾಣಿಕ ಬಳಸಿರುವ ವಸ್ತು, ಅವನ ಅಥವಾ ಕುಟುಂಬದ ಬಳಕೆಗೆಂದು ತಂದದ್ದು, ನಿಜವಾದ ಉಡುಗೊರೆ ಅಥವಾ ನೆನಪಿನ ಕಾಣಿಕೆ ಇವು ಗೊತ್ತುಪಡಿಸಿದ ಮಿತಿಯೊಳಗೆ ಸುಂಕದಿಂದ ಮುಕ್ತ. 80ನೆಯ ಕಲಮು ತಾತ್ಕಾಲಿಕ ತಡೆಹಿಡಿಕೆಗೆ ಸಂಬಂಧಿಸಿದ್ದು. 81ನೆಯದು ವಿವರಗಳನ್ನು ರೂಪಿಸುವ ಅಧಿಕಾರವನ್ನು ಪರೋಕ್ಷ ತೆರಿಗೆ ಮತ್ತು ಸೀಮಾಸುಂಕಗಳ ಕೇಂದ್ರ ಮಂಡಳಿಗೆ ಕೊಡುತ್ತದೆ.

2016ರ ನಿಯಮಾವಳಿ ಪ್ರಯಾಣಿಕರನ್ನು ಹೀಗೆ ವಿಂಗಡಿಸಿತು. ಭಾರತದ ನಿವಾಸಿ, ಭಾರತದಲ್ಲಿ ನೆಲೆಸಿರುವ ವಿದೇಶಿ ಮತ್ತು ಭಾರತೀಯ ಮೂಲದ ಪ್ರವಾಸಿಗೆ 50,000 ರೂಪಾಯಿ. ವಿದೇಶಿ ಮೂಲದ ಪ್ರವಾಸಿಗೆ 15,000 ರೂಪಾಯಿ. ನೇಪಾಳ, ಭೂತಾನ್, ಮ್ಯಾನ್ಮಾರ್‌ನಿಂದ ಬರುವವರಿಗೂ 15,000 ರೂಪಾಯಿ. ಆದರೆ ಈ ಮೂರು ದೇಶಗಳಿಂದ ರಸ್ತೆಯ ಮೂಲಕ ಬಂದವರಿಗೆ ಬಳಸಿದ ಸ್ವಂತ ವಸ್ತುಗಳ ಹೊರತು ಯಾವ ವಿನಾಯಿತಿಯೂ ಇಲ್ಲ. ಪಶುಪತಿನಾಥ, ಮುಕ್ತಿನಾಥಕ್ಕೆ ಹೋದ ಯಾತ್ರಿಕ ಕಠ್ಮಂಡುವಿನಲ್ಲಿ ಫೋನು ಕೊಂಡು ಬಸ್ಸಿನಲ್ಲಿ ಗಡಿ ದಾಟಿದರೆ ಆ ಫೋನು ಪೂರ್ತಿ ಸುಂಕಕ್ಕೆ ಒಳಪಡುತ್ತದೆ.

ಮಿತಿ ತಲೆಗೆ ಲೆಕ್ಕ. ಅದನ್ನು ಕೂಡಿಸಿಕೊಳ್ಳುವಂತಿಲ್ಲ. ನಾಲ್ವರ ಕುಟುಂಬ ಎರಡು ಲಕ್ಷ ರೂಪಾಯಿಯ ಒಂದು ವಸ್ತುವನ್ನು ತಂದು ನಾಲ್ವರ ಪಾಲಿಗೆ ಹಂಚಿ ತೋರಿಸಲಾಗದು. ಹಸುಗೂಸುಗಳಿಗೆ ಅವುಗಳ ಬಳಸಿದ ಸಾಮಾನಿಗೆ ಮಾತ್ರ ವಿನಾಯಿತಿ. ಆಗಮನ ವಿಭಾಗದ ಡ್ಯೂಟಿ ಫ್ರೀ ಅಂಗಡಿಯ ಖರೀದಿಯೂ ಇದೇ ಮಿತಿಯೊಳಗೆ ಸೇರುತ್ತದೆ.

ಸಾಧನಗಳ ವರ್ಗಗಳು

ಬಳಸಿದ ಸ್ವಂತ ವಸ್ತುಗಳು. ದಿನನಿತ್ಯದ ಅಗತ್ಯಕ್ಕೆ ಬೇಕಾದ, ಬಳಕೆಯಲ್ಲಿರುವ ಸಾಮಾನಿಗೆ ಬೆಲೆಯ ಮಿತಿ ಇಲ್ಲ. ಜೇಬಿನಲ್ಲಿರುವ ಫೋನು, ಕೈಗೆ ಕಟ್ಟಿದ ಸ್ಮಾರ್ಟ್ ವಾಚು, ಕಿವಿಯ ಇಯರ್‌ಫೋನು ಸಾಮಾನ್ಯವಾಗಿ ಈ ವರ್ಗದಲ್ಲಿ ಸಾಗಿಹೋಗುತ್ತವೆ. ವಾಗ್ವಾದಗಳು ಹೆಚ್ಚಾಗಿ ಹುಟ್ಟುವುದೂ ಇಲ್ಲೇ. ಡಬ್ಬಿ ಬಿಸಾಡಿ ಸಿಮ್ ಹಾಕಿದರೆ ಹೊಸ ಫೋನು ‘ಬಳಸಿದ್ದು’ ಆಗಿಬಿಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ನಿಯಮದಲ್ಲಿ ಹಾಗೆ ಎಲ್ಲೂ ಹೇಳಿಲ್ಲ. ಎಷ್ಟು ದಿನ ಬಳಸಿರಬೇಕೆಂಬುದನ್ನೂ ನಿಯಮ ಸ್ಪಷ್ಟಪಡಿಸದ ಕಾರಣ ತೀರ್ಮಾನ ಅಧಿಕಾರಿಯ ವಿವೇಚನೆಗೆ ಬಿದ್ದಿದೆ. ಸಾಧನದ ಸ್ಥಿತಿ, ಅದರಲ್ಲಿರುವ ಮಾಹಿತಿ, ಬಿಲ್ಲಿನ ದಿನಾಂಕ, ಪ್ರಯಾಣಿಕನ ಬಳಿ ಇಂಥವು ಎಷ್ಟಿವೆ ಎಂಬುದು ಪರಿಗಣನೆಗೆ ಬರುತ್ತದೆ.

ಮೊಬೈಲ್ ಫೋನ್. ಹೊಸ ಫೋನಿಗೆ ಪ್ರತ್ಯೇಕ ವಿನಾಯಿತಿ ಇಲ್ಲ. ಅದು ಒಟ್ಟು ಸುಂಕರಹಿತ ಮಿತಿಯೊಳಗೇ ಬರಬೇಕು. ಐಎಂಇಐ ಸಂಖ್ಯೆ ಇಲ್ಲದ ಫೋನುಗಳ ಆಮದು 2009ರಿಂದ ನಿಷಿದ್ಧ.

ಲ್ಯಾಪ್‌ಟಾಪ್. 2004ರ ಜನವರಿಯ ಅಧಿಸೂಚನೆಯಂತೆ 18 ವರ್ಷ ತುಂಬಿದ ಪ್ರತಿ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು, ಹೊಸದಾದರೂ ಸರಿ, ಸುಂಕವಿಲ್ಲದೆ ತರಬಹುದು. ಇದು ಸಾಮಾನ್ಯ ಸುಂಕರಹಿತ ಮಿತಿಗೆ ಹೊರತು. ವಿಮಾನ ಮತ್ತು ಹಡಗಿನ ಸಿಬ್ಬಂದಿಗೆ ಈ ಸೌಲಭ್ಯವಿಲ್ಲ. ಎರಡನೆಯ ಲ್ಯಾಪ್‌ಟಾಪ್ ಸಾಮಾನ್ಯ ಮಿತಿಯ ಲೆಕ್ಕಕ್ಕೆ ಬರುತ್ತದೆ. ಅಧಿಸೂಚನೆಯ ಪದಗಳು ಲ್ಯಾಪ್‌ಟಾಪ್ ಅಥವಾ ನೋಟ್‌ಬುಕ್ ಕಂಪ್ಯೂಟರಿಗೆ ಸೀಮಿತ. ಆದ್ದರಿಂದ ಟ್ಯಾಬ್ಲೆಟ್ಟಿಗೂ ಇದು ಸಲ್ಲುತ್ತದೆಂದು ಗಟ್ಟಿಯಾಗಿ ಹೇಳಲಾಗದು.

ಟೆಲಿವಿಷನ್. ಎಲ್‌ಸಿಡಿ, ಎಲ್‌ಇಡಿ, ಪ್ಲಾಸ್ಮಾ ಟಿವಿಗಳನ್ನು 2013ರ ಆಗಸ್ಟ್ 26ರಿಂದ ಸುಂಕರಹಿತ ಮಿತಿಯ ಹೊರಗಿಡಲಾಗಿದೆ. ಅಂದಿನ ಆರ್ಥಿಕ ಒತ್ತಡ, ರೂಪಾಯಿಯ ಕುಸಿತ ಇದರ ಹಿನ್ನೆಲೆ. 30,000 ರೂಪಾಯಿಯ ಟಿವಿ ತಂದರೂ ಮೊದಲ ರೂಪಾಯಿಯಿಂದಲೇ ಸುಂಕ ಬೀಳುತ್ತದೆ. 2016ರ ನಿಯಮಾವಳಿಯ ಮೊದಲ ಅನುಬಂಧದಲ್ಲಿ ಚಪ್ಪಟೆ ಟಿವಿಯನ್ನು ಬಂದೂಕು, ತೋಟಾ, ಸಿಗರೇಟು, ಮದ್ಯ, ಚಿನ್ನಗಳ ಸಾಲಿನಲ್ಲಿ ಇರಿಸಲಾಗಿದೆ.

ಕ್ಯಾಮೆರಾ, ಗೇಮಿಂಗ್ ಸಾಧನ, ಸ್ಪೀಕರ್. ಇವೆಲ್ಲ ಸಾಮಾನ್ಯ ಮಿತಿಯೊಳಗಿನವು. ಬೆಲೆಬಾಳುವ ಲೆನ್ಸುಗಳನ್ನು ಭಾರತದಲ್ಲೇ ಕೊಂಡು ಹೊರಗೆ ಒಯ್ದು ತಂದರೂ ದಾಖಲೆ ತೋರಿಸಬೇಕಾಗಿ ಬರುವುದುಂಟು.

ಒಂದೇ ಬಗೆಯ ವಸ್ತು ಹಲವಾರು ಇದ್ದರೆ ಅದು ಬ್ಯಾಗೇಜ್ ಎನಿಸದೆ ವ್ಯಾಪಾರದ ಸರಕೆನಿಸುತ್ತದೆ. ಆಗ ಮಿತಿಯ ಮಾತೇ ಬರುವುದಿಲ್ಲ, ಸಾಮಾನು ಮುಟ್ಟುಗೋಲಿಗೆ ಅರ್ಹವಾಗುತ್ತದೆ.

ಸುಂಕದ ಲೆಕ್ಕ

ಸುಂಕ ಪಟ್ಟಿಯಲ್ಲಿ ಬ್ಯಾಗೇಜಿಗೆ 9803 ಎಂಬ ಒಂದೇ ಶೀರ್ಷಿಕೆ ಇದೆ. ಮಿತಿ ಮೀರಿದ ಸಾಮಾನು ಫೋನಾಗಲಿ ಮಿಕ್ಸರಾಗಲಿ ಎಲ್ಲಕ್ಕೂ ಇದೇ ಶೀರ್ಷಿಕೆಯ ದರ. 2016ರ ನಿಯಮಾವಳಿಯ ಕಾಲದಲ್ಲಿ ಮೂಲ ಸುಂಕ 35 ಶೇಕಡಾ. 2018ರಿಂದ ಅದರ ಮೇಲೆ 10 ಶೇಕಡಾ ಸಮಾಜ ಕಲ್ಯಾಣ ಅಧಿಭಾರ ಸೇರಿ ಒಟ್ಟು 38.5 ಶೇಕಡಾ. ಅದಕ್ಕೆ ಮುಂಚೆ ಶಿಕ್ಷಣ ಉಪಕರ ಸೇರಿ 36.05 ಶೇಕಡಾ ಇತ್ತು.

ಒಬ್ಬ ನಿವಾಸಿ ದುಬೈಯಿಂದ 1,20,000 ರೂಪಾಯಿ ಬೆಲೆಯ ಹೊಸ ಫೋನನ್ನು ಮಾತ್ರ ತಂದನೆನ್ನೋಣ. ಮಿತಿಯ 50,000 ಕಳೆದರೆ ಉಳಿಯುವುದು 70,000. ಇದರ 35 ಶೇಕಡಾ 24,500 ರೂಪಾಯಿ, ಅಧಿಭಾರ 2,450 ರೂಪಾಯಿ, ಒಟ್ಟು 26,950 ರೂಪಾಯಿ. ಅದೇ ಪ್ರಯಾಣಿಕ ಆಗಮನದ ಅಂಗಡಿಯಲ್ಲಿ 6,000 ರೂಪಾಯಿಯ ಚಾಕೊಲೇಟು, ಅತ್ತರು ಕೊಂಡಿದ್ದರೆ ಅಷ್ಟು ಮಿತಿ ಕರಗಿ ಸುಂಕ 2,310 ರೂಪಾಯಿ ಹೆಚ್ಚುತ್ತದೆ. ಬೆಲೆಗೆ ಬಿಲ್ಲು ಮೊದಲ ಆಧಾರ. ಬಿಲ್ಲಿಲ್ಲದಿದ್ದರೆ ಅಥವಾ ನಂಬುವಂತಿಲ್ಲದಿದ್ದರೆ ಅಧಿಕಾರಿ ಅದೇ ಮಾದರಿಯ ಪ್ರಚಲಿತ ಬೆಲೆಯನ್ನು ನೋಡುತ್ತಾರೆ. ವಿದೇಶಿ ಹಣವನ್ನು ಮಂಡಳಿ ಪ್ರಕಟಿಸುವ ವಿನಿಮಯ ದರದಲ್ಲಿ ರೂಪಾಯಿಗೆ ಪರಿವರ್ತಿಸಲಾಗುತ್ತದೆ.

ಈ ಒಂದೇ ದರದ ಪದ್ಧತಿಯಿಂದ ವಿಚಿತ್ರ ಸ್ಥಿತಿ ಏರ್ಪಟ್ಟಿದೆ. 1997ರ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಸಹಿ ಹಾಕಿದ ಫಲವಾಗಿ ವ್ಯಾಪಾರಿ ತರಿಸುವ ಲ್ಯಾಪ್‌ಟಾಪಿಗೆ ಮೂಲ ಸೀಮಾಸುಂಕ ಸೊನ್ನೆ. 2016ರ ನಿಯಮಾವಳಿಯ ಕಾಲದಲ್ಲಿ ಪ್ರಯಾಣಿಕನ ಎರಡನೆಯ ಲ್ಯಾಪ್‌ಟಾಪ್ ಮಾತ್ರ ಮಿತಿ ಮೀರಿದೊಡನೆ 38.5 ಶೇಕಡಾಕ್ಕೆ ಗುರಿಯಾಗುತ್ತಿತ್ತು. ಮೊಬೈಲಿನ ಮೇಲೂ 2017ರ ಜೂನ್‌ವರೆಗೆ ವ್ಯಾಪಾರಿ ಆಮದಿಗೆ ಮೂಲ ಸುಂಕವಿರಲಿಲ್ಲ. ದೇಶದಲ್ಲೇ ತಯಾರಿಕೆಯನ್ನು ಉತ್ತೇಜಿಸಲು ಅದನ್ನು 2017ರ ಜುಲೈನಲ್ಲಿ 10, ಡಿಸೆಂಬರಿನಲ್ಲಿ 15, 2018ರ ಫೆಬ್ರವರಿಯಲ್ಲಿ 20 ಶೇಕಡಾಕ್ಕೆ ಏರಿಸಿ, 2024ರ ಜುಲೈನಲ್ಲಿ ಮತ್ತೆ 15 ಶೇಕಡಾಕ್ಕೆ ಇಳಿಸಲಾಯಿತು. ಈ ಏರಿಳಿತ ಯಾವುದೂ ಬ್ಯಾಗೇಜಿನ ದರವನ್ನು ಮುಟ್ಟಲಿಲ್ಲ.

ಆಗಮನದ ಕ್ರಮ

ವಲಸೆ ವಿಭಾಗ ದಾಟಿ ಪೆಟ್ಟಿಗೆ ಪಡೆದ ಪ್ರಯಾಣಿಕನ ಮುಂದೆ ಎರಡು ದಾರಿಗಳಿರುತ್ತವೆ. ಸುಂಕಕ್ಕೆ ಒಳಪಡುವ ಅಥವಾ ನಿಷೇಧಿತ ವಸ್ತು ಇಲ್ಲದವರಿಗೆ ಹಸಿರು ಮಾರ್ಗ, ಇರುವವರಿಗೆ ಕೆಂಪು ಮಾರ್ಗ. ಸುಂಕ ಕ್ರಮಗಳ ಸರಳೀಕರಣಕ್ಕಾಗಿ 1999ರಲ್ಲಿ ಪರಿಷ್ಕೃತವಾಗಿ 2006ರಲ್ಲಿ ಜಾರಿಗೆ ಬಂದ ಕ್ಯೋಟೊ ಒಪ್ಪಂದವೂ ಪ್ರಯಾಣಿಕರಿಗೆ ಈ ಜೋಡಿ ಮಾರ್ಗವನ್ನು ಹೇಳುತ್ತದೆ. ಹಸಿರು ಮಾರ್ಗದಲ್ಲಿ ನಡೆಯುವುದೇ ಒಂದು ಘೋಷಣೆ. ‘ನನ್ನನ್ನು ಯಾರೂ ಕೇಳಲಿಲ್ಲ’ ಎಂಬ ಉತ್ತರಕ್ಕೆ ಅಲ್ಲಿ ಬೆಲೆಯಿಲ್ಲ.

ಸಾಮಾನನ್ನು ಎಕ್ಸ್‌ರೇ ಯಂತ್ರದಲ್ಲಿ ಹಾಯಿಸುವುದುಂಟು. ಸೀಲು ತೆಗೆಯದ ಫೋನಿನ ಡಬ್ಬಿಗಳು ಬಟ್ಟೆಯ ನಡುವೆ ಇದ್ದರೂ ಪರದೆಯ ಮೇಲೆ ಸಾಲಾಗಿ ಕಾಣುತ್ತವೆ. ಸಂಶಯ ಬಂದರೆ ಪೆಟ್ಟಿಗೆ ತೆರೆಸಿ ನೋಡುತ್ತಾರೆ. ಕೆಂಪು ಮಾರ್ಗದಲ್ಲಿ ಘೋಷಣಾ ಪತ್ರ ತುಂಬಿದ ಪ್ರಯಾಣಿಕನ ಸಾಧನದ ಬೆಲೆಯನ್ನು ಅಧಿಕಾರಿ ಕಟ್ಟಿ, ಸುಂಕ ಬರೆದು, ಹಣ ಪಡೆದು ರಸೀದಿ ಕೊಡುತ್ತಾರೆ. ಈ ರಸೀದಿಯನ್ನು ಜೋಪಾನವಾಗಿಡುವುದು ಅಗತ್ಯ. ಮುಂದಿನ ಪ್ರಯಾಣದಲ್ಲಿ ಅದೇ ಸಾಧನಕ್ಕೆ ಸುಂಕ ಕಟ್ಟಿದೆಯೆಂಬುದಕ್ಕೆ ಅದೇ ಸಾಕ್ಷಿ. ಘೋಷಣೆಯನ್ನು ಮೊದಲೇ ಸಲ್ಲಿಸಲು ‘ಅತಿಥಿ’ ಎಂಬ ಮೊಬೈಲ್ ಆ್ಯಪನ್ನು ಮಂಡಳಿ 2019ರಲ್ಲಿ ಬಿಡುಗಡೆ ಮಾಡಿತು.

ಸುಂಕ ಕಟ್ಟಲು ಇಷ್ಟವಿಲ್ಲದ ಅಲ್ಪಾವಧಿಯ ಪ್ರಯಾಣಿಕನಿಗೆ 80ನೆಯ ಕಲಮಿನ ದಾರಿ ಇದೆ. ಸಾಧನವನ್ನು ನಿಜವಾಗಿ ಘೋಷಿಸಿದ್ದರೆ ಅದನ್ನು ಕಸ್ಟಮ್ಸ್ ಬಳಿ ಬಿಟ್ಟು ರಸೀದಿ ಪಡೆದು, ದೇಶ ಬಿಡುವಾಗ ಮರಳಿ ಪಡೆಯಬಹುದು. ಬಚ್ಚಿಟ್ಟು ಸಿಕ್ಕಿಬಿದ್ದವನಿಗೆ ಈ ಕಲಮು ನೆರವಾಗುವುದಿಲ್ಲ.

ನಿರ್ಗಮನದ ಕ್ರಮ

ಹೊರಡುವಾಗಲೇ ಮಾಡಬೇಕಾದ, ಬಹುತೇಕರು ಬಿಟ್ಟುಬಿಡುವ ಕೆಲಸ ರಫ್ತು ಪ್ರಮಾಣಪತ್ರ ಪಡೆಯುವುದು. ಬೆಲೆಬಾಳುವ ಕ್ಯಾಮೆರಾ, ಲೆನ್ಸು, ಲ್ಯಾಪ್‌ಟಾಪ್ ಒಯ್ಯುವವರು ನಿರ್ಗಮನ ವಿಭಾಗದ ಕಸ್ಟಮ್ಸ್ ಕೌಂಟರಿನಲ್ಲಿ ಸಾಧನವನ್ನು ತೋರಿಸಿದರೆ ಅಧಿಕಾರಿ ಅದರ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ಗುರುತುಗಳನ್ನು ಬರೆದು ಪ್ರಮಾಣಪತ್ರ ಕೊಡುತ್ತಾರೆ. ಮರಳಿ ಬಂದಾಗ ಕ್ರಮಸಂಖ್ಯೆ ತಾಳೆಯಾದರೆ ಸುಂಕದ ಪ್ರಶ್ನೆಯೇ ಇಲ್ಲ. ಪೆಟ್ಟಿಗೆಯನ್ನು ವಿಮಾನಯಾನ ಸಂಸ್ಥೆಗೆ ಒಪ್ಪಿಸಿದ ಮೇಲೆ ಅದರೊಳಗಿನ ಸಾಧನವನ್ನು ತೋರಿಸಲಾಗದು. ಆದ್ದರಿಂದ ಇದನ್ನು ಚೆಕ್-ಇನ್‌ಗೆ ಮುಂಚೆ ಮುಗಿಸಬೇಕು. ಅಮೆರಿಕದಲ್ಲಿ ಇದೇ ಉದ್ದೇಶಕ್ಕೆ 4457 ಸಂಖ್ಯೆಯ ನಮೂನೆ ಇದೆ.

ಬ್ಯಾಟರಿಗಳ ಕಟ್ಟಳೆ ಸುಂಕದ್ದಲ್ಲ, ವಿಮಾನ ಸುರಕ್ಷತೆಯದು. ಎರಡನ್ನೂ ಕಲಸಿಬಿಡುವುದು ಸಾಮಾನ್ಯ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಡಬೇಕು. ಸಾಮಾನ್ಯ ಮಿತಿ 100 ವಾಟ್-ಅವರ್. 100ರಿಂದ 160 ವಾಟ್-ಅವರ್‌ವರೆಗಿನವಕ್ಕೆ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು. 3.7 ವೋಲ್ಟಿನ 20,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 74 ವಾಟ್-ಅವರ್.

ನಿಷೇಧಿತ ಮತ್ತು ನಿರ್ಬಂಧಿತ ಸಾಧನಗಳು

ಉಪಗ್ರಹ ಫೋನ್. ದೂರಸಂಪರ್ಕ ಇಲಾಖೆಯ ಪೂರ್ವಾನುಮತಿ ಇಲ್ಲದೆ ಭಾರತಕ್ಕೆ ತರುವಂತಿಲ್ಲ. 2008ರ ಮುಂಬೈ ದಾಳಿಯಲ್ಲಿ ಉಗ್ರರು ಇಂಥ ಫೋನು ಬಳಸಿದ ಮೇಲೆ ನಿಗಾ ಬಿಗಿಯಾಯಿತು. ಥುರಾಯಾ, ಇರಿಡಿಯಂ ಫೋನುಗಳಿಗೆ ಅವಕಾಶವೇ ಇಲ್ಲ. ಚಾರಣಿಗರು ಆಪತ್ಕಾಲಕ್ಕೆಂದು ಇಟ್ಟುಕೊಳ್ಳುವ ಉಪಗ್ರಹ ಸಂದೇಶ ಸಾಧನಗಳೂ ಇದೇ ಸಾಲಿಗೆ ಸೇರುತ್ತವೆ. ತಮ್ಮ ದೇಶದಲ್ಲಿ ಅಂಗಡಿಯಲ್ಲೇ ಸಿಗುವ ಈ ವಸ್ತುವಿನಿಂದಾಗಿ ವಿದೇಶಿ ಪ್ರವಾಸಿಗರು ಭಾರತದ ವಿಮಾನ ನಿಲ್ದಾಣಗಳಲ್ಲಿ ಬಂಧನಕ್ಕೊಳಗಾದ ಪ್ರಕರಣಗಳಿವೆ.

ಡ್ರೋನ್. 2022ರ ಫೆಬ್ರವರಿ 9ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಡ್ರೋನುಗಳ ಆಮದನ್ನು ನಿಷೇಧಿಸಿತು. ಪೂರ್ಣ ರೂಪದಲ್ಲಿ ತಂದರೂ ಬಿಚ್ಚಿ ತಂದರೂ ನಿಷೇಧ ಒಂದೇ. ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ ಅನುಮತಿಯ ಮೇಲೆ ವಿನಾಯಿತಿ. ಮದುವೆಯ ವಿಡಿಯೊ ತೆಗೆಯಲೆಂದು ಸಿಂಗಪುರದಿಂದ ತಂದ ಪುಟ್ಟ ಡ್ರೋನಿಗೂ ರಿಯಾಯಿತಿ ಇಲ್ಲ.

ಇ-ಸಿಗರೇಟ್. 2019ರ ನಿಷೇಧ ಕಾಯ್ದೆ ಇದರ ತಯಾರಿಕೆ, ಮಾರಾಟದ ಜೊತೆ ಆಮದನ್ನೂ ಅಪರಾಧವೆಂದು ಹೇಳಿದೆ. ಮೊದಲ ಬಾರಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ವೃತ್ತಿ ಸಲಕರಣೆ ಮತ್ತು ವಾಸ ಬದಲಾವಣೆ

ಪ್ರದರ್ಶನ, ಚಿತ್ರೀಕರಣ, ಸಮ್ಮೇಳನಗಳಿಗೆ ಸಲಕರಣೆ ಒಯ್ಯುವವರಿಗೆ ಎಟಿಎ ಕಾರ್ನೆ ಎಂಬ ದಾಖಲೆ ಇದೆ. 1961ರ ಬ್ರಸೆಲ್ಸ್ ಒಪ್ಪಂದದಿಂದ ಬಂದ ಇದು ಸರಕಿನ ಪಾಸ್‌ಪೋರ್ಟಿನಂತೆ ಕೆಲಸ ಮಾಡುತ್ತದೆ. ಪ್ರತಿ ಗಡಿಯಲ್ಲಿ ಅದರ ಹಾಳೆಗೆ ಮುದ್ರೆ ಬೀಳುತ್ತದೆ, ಸುಂಕ ಬೀಳುವುದಿಲ್ಲ. ಅವಧಿ ಗರಿಷ್ಠ ಒಂದು ವರ್ಷ. ಭಾರತದಲ್ಲಿ ಇದನ್ನು ನೀಡುವ ಮತ್ತು ಖಾತರಿ ನಿಲ್ಲುವ ಸಂಸ್ಥೆ ವಾಣಿಜ್ಯ ಮಂಡಳಿಗಳ ಒಕ್ಕೂಟವಾದ ಫಿಕ್ಕಿ.

ವಿದೇಶದಲ್ಲಿ ದುಡಿದು ಊರಿಗೆ ಮರಳುವವರಿಗೆ ಗೃಹೋಪಯೋಗಿ ಸಾಮಾನಿನ ಮಿತಿ ಹೆಚ್ಚು. 2016ರ ನಿಯಮಾವಳಿಯಲ್ಲಿ ಮೂರರಿಂದ ಆರು ತಿಂಗಳ ವಾಸಕ್ಕೆ 60,000, ಆರು ತಿಂಗಳಿಂದ ಒಂದು ವರ್ಷಕ್ಕೆ 1,00,000, ಹಿಂದಿನ ಎರಡು ವರ್ಷಗಳಲ್ಲಿ ಕನಿಷ್ಠ ಒಂದು ವರ್ಷ ಇದ್ದವರಿಗೆ 2,00,000, ಎರಡು ವರ್ಷ ಅಥವಾ ಹೆಚ್ಚು ಇದ್ದವರಿಗೆ ಷರತ್ತುಗಳ ಮೇಲೆ 5,00,000 ರೂಪಾಯಿ. ಇದರ ಮೂರನೆಯ ಅನುಬಂಧದ ಪಟ್ಟಿ ಗಮನಿಸತಕ್ಕದ್ದು. 2016ರಲ್ಲಿ ಬರೆದದ್ದಾದರೂ ಅದರಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮೆಷಿನ್ನುಗಳ ಜೊತೆ ವಿಸಿಆರ್, ಫ್ಯಾಕ್ಸ್ ಯಂತ್ರ, ವರ್ಡ್ ಪ್ರೊಸೆಸಿಂಗ್ ಯಂತ್ರಗಳೂ ಇವೆ. ಹಳೆಯ ಪಟ್ಟಿಗೆ ಸೇರಿಸುತ್ತ ಹೋಗುವುದು ಸುಲಭ, ತೆಗೆಯುವ ಗೋಜಿಗೆ ಆಗ ಯಾರೂ ಹೋಗಲಿಲ್ಲ.

ಜಪ್ತಿ, ದಂಡ, ಮೇಲ್ಮನವಿ

ಘೋಷಿಸದ ಅಥವಾ ಸುಳ್ಳು ಘೋಷಿಸಿದ ಸಾಧನ 111ನೆಯ ಕಲಮಿನಡಿ ಮುಟ್ಟುಗೋಲಿಗೆ ಅರ್ಹ. 112ನೆಯ ಕಲಮಿನ ದಂಡ, ವಸ್ತು ನಿಷೇಧಿತವಾಗಿದ್ದರೆ ಅದರ ಬೆಲೆಯಷ್ಟಾದರೂ ಆಗಬಹುದು. ನಿಷೇಧಿತವಲ್ಲದ ವಸ್ತುವನ್ನು ಬಿಡಿಸಿಕೊಳ್ಳಲು 125ನೆಯ ಕಲಮಿನಂತೆ ಮುಟ್ಟುಗೋಲಿನ ಬದಲು ವಿಮೋಚನಾ ದಂಡ ತೆರುವ ಅವಕಾಶ ಕೊಡಬೇಕು. ಸುಂಕ ಇದಕ್ಕೆ ಹೆಚ್ಚುವರಿ. ಹೀಗಾಗಿ ಸುಂಕ ಉಳಿಸಲು ಹೋದವನು ಸುಂಕ, ವಿಮೋಚನಾ ದಂಡ, ವೈಯಕ್ತಿಕ ದಂಡ ಮೂರನ್ನೂ ತೆರಬೇಕಾದೀತು. ಜಪ್ತಿಯಾದ ವಸ್ತುವಿಗೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಕಾರಣ ಕೇಳುವ ನೋಟಿಸು ಬರಬೇಕು.

ಆದೇಶದ ವಿರುದ್ಧ 60 ದಿನಗಳೊಳಗೆ ಆಯುಕ್ತರಿಗೆ (ಮೇಲ್ಮನವಿ) ಅರ್ಜಿ ಹಾಕಬಹುದು. ಆ ಮೇಲಿನ ಹಂತದಲ್ಲಿ ಬ್ಯಾಗೇಜ್ ಪ್ರಕರಣಗಳಿಗೆ ಬೇರೆಯೇ ದಾರಿ. ಮಿಕ್ಕ ಸುಂಕ ವ್ಯಾಜ್ಯಗಳಂತೆ ಇವು ನ್ಯಾಯಾಧಿಕರಣಕ್ಕೆ ಹೋಗುವುದಿಲ್ಲ. 129ಡಿಡಿ ಕಲಮಿನಡಿ ಕೇಂದ್ರ ಸರ್ಕಾರಕ್ಕೆ ಪುನರ್‌ಪರಿಶೀಲನಾ ಅರ್ಜಿ ಸಲ್ಲಿಸಬೇಕು. ನಂತರ ಹೈಕೋರ್ಟು.

ಇತರ ದೇಶಗಳಲ್ಲಿ

ಪ್ರವಾಸಿ ತನ್ನ ಬಳಕೆಗೆ ಒಯ್ದು ಮರಳಿ ತರುವ ಫೋನು, ಲ್ಯಾಪ್‌ಟಾಪುಗಳಿಗೆ ಬಹುತೇಕ ದೇಶಗಳು ಸುಂಕ ಕೇಳುವುದಿಲ್ಲ. ಹೊಸ ಖರೀದಿ ಮತ್ತು ಉಡುಗೊರೆಗೆ ಮಿತಿ ಇದೆ. ಅಮೆರಿಕದ ನಿವಾಸಿಗೆ ಸಾಮಾನ್ಯವಾಗಿ 800 ಡಾಲರ್, ವಿಮಾನದಲ್ಲಿ ಐರೋಪ್ಯ ಒಕ್ಕೂಟಕ್ಕೆ ಬರುವವರಿಗೆ 430 ಯೂರೊ, ಬ್ರಿಟನ್ನಿನಲ್ಲಿ 390 ಪೌಂಡ್, ಆಸ್ಟ್ರೇಲಿಯಾದಲ್ಲಿ ವಯಸ್ಕರಿಗೆ 900 ಡಾಲರ್, ಜಪಾನಿನಲ್ಲಿ 2,00,000 ಯೆನ್. ಬ್ರಿಟನ್ನಿನಲ್ಲಿ ಮಿತಿ ದಾಟಿದ ವಸ್ತುವಿನ ಪೂರ್ಣ ಬೆಲೆಗೆ ತೆರಿಗೆ. ಭಾರತದಲ್ಲಿ ಮಿತಿ ಮೀರಿದ ಭಾಗಕ್ಕೆ ಮಾತ್ರ.

ಕೆಲವು ದೇಶಗಳು ತಪಾಸಣೆಯನ್ನು ಗಡಿಯಿಂದ ದೂರಸಂಪರ್ಕ ಜಾಲಕ್ಕೆ ಒಯ್ದಿವೆ. ಟರ್ಕಿಯಲ್ಲಿ ವಿದೇಶಿ ಫೋನು ಸ್ಥಳೀಯ ಸಿಮ್ಮಿನೊಂದಿಗೆ 120 ದಿನ ಮಾತ್ರ ನಡೆಯುತ್ತದೆ. ನಂತರ ಶುಲ್ಕ ಕಟ್ಟಿ ಐಎಂಇಐ ನೋಂದಾಯಿಸದಿದ್ದರೆ ಜಾಲ ಅದನ್ನು ತಡೆಯುತ್ತದೆ. ಪಾಕಿಸ್ತಾನ, ಇಂಡೊನೇಷ್ಯಾಗಳಲ್ಲೂ ಇದೇ ಬಗೆಯ ನೋಂದಣಿ ಇದೆ. ಸುಂಕ ತಪ್ಪಿಸಿ ತಂದ ಫೋನು ಇಲ್ಲಿ ಚೀಲದಲ್ಲಿ ಸಿಕ್ಕಿಬೀಳದಿದ್ದರೂ ಸಿಗ್ನಲ್ಲಿನಲ್ಲಿ ಸಿಕ್ಕಿಬೀಳುತ್ತದೆ.

ಸಾಧನದೊಳಗಿನ ಮಾಹಿತಿಯ ತಪಾಸಣೆ ಬೇರೆ ವಿಷಯ. ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನ 2014ರ ರೈಲಿ ತೀರ್ಪು ಬಂಧಿತನ ಫೋನು ನೋಡಲು ವಾರಂಟ್ ಬೇಕೆಂದಿತು. ಆದರೆ ಗಡಿಯಲ್ಲಿ ಅಧಿಕಾರಿಗಳು ವಾರಂಟಿಲ್ಲದೆ ಸಾಧನ ನೋಡುತ್ತಾರೆ. 2018ರ ನಿರ್ದೇಶನದಂತೆ ಹೊರಗಿನ ಉಪಕರಣ ಜೋಡಿಸಿ ಮಾಡುವ ಆಳದ ತಪಾಸಣೆಗೆ ಸಕಾರಣ ಸಂಶಯ ಅಥವಾ ರಾಷ್ಟ್ರೀಯ ಭದ್ರತೆಯ ಪ್ರಶ್ನೆ ಇರಬೇಕು. ನ್ಯೂಜಿಲೆಂಡಿನ 2018ರ ಕಾಯ್ದೆ ಪಾಸ್‌ವರ್ಡ್ ಕೊಡದವರಿಗೆ 5,000 ನ್ಯೂಜಿಲೆಂಡ್ ಡಾಲರ್‌ವರೆಗೆ ದಂಡ ವಿಧಿಸುತ್ತದೆ.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಅಂತರರಾಷ್ಟ್ರೀಯ ಪ್ರಯಾಣಿಕರ ಬ್ಯಾಗೇಜ್ ತಪಾಸಣೆ ಮುಖ್ಯವಾಗಿ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲೂ ನಡೆಯುತ್ತದೆ. ಬೆಂಗಳೂರಿನ ಅಂತರರಾಷ್ಟ್ರೀಯ ಹಾರಾಟಗಳು 2023ರ ಸೆಪ್ಟೆಂಬರಿನಲ್ಲಿ ಎರಡನೆಯ ಟರ್ಮಿನಲ್ಲಿಗೆ ಸ್ಥಳಾಂತರಗೊಂಡವು. ಎರಡೂ ಕಡೆಯ ಪ್ರಯಾಣಿಕರ ಸ್ವಭಾವ ಭಿನ್ನ. ಬೆಂಗಳೂರಿನಲ್ಲಿ ಕಂಪನಿಯ ಲ್ಯಾಪ್‌ಟಾಪ್ ಒಂದು, ಸ್ವಂತದ್ದೊಂದು ಹಿಡಿದು ಬರುವ ಸಾಫ್ಟ್‌ವೇರ್ ಉದ್ಯೋಗಿಗಳು ಹೆಚ್ಚು. ಇಂಥವರಿಗೆ ಕಂಪನಿಯ ಪತ್ರ, ಆಸ್ತಿ ಚೀಟಿ ಉಪಯುಕ್ತ ದಾಖಲೆಗಳು. ಮಂಗಳೂರಿನದು ಬಹುತೇಕ ಕೊಲ್ಲಿಯ ಸಂಚಾರ. ಅಲ್ಲಿಂದ ಬರುವ ಸಾಮಾನಿನಲ್ಲಿ ಮನೆಮಂದಿಗೆ ತಂದ ಫೋನುಗಳಿಗೆ ಇಂದಿಗೂ ಸ್ಥಾನವಿದೆ.

ಇತ್ತೀಚಿನ ಬೆಳವಣಿಗೆಗಳು

2023ರ ಆಗಸ್ಟ್ 3ರಂದು ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಮತ್ತು ಕಂಪ್ಯೂಟರುಗಳ ಆಮದಿಗೆ ಪರವಾನಗಿ ಕಡ್ಡಾಯವೆಂಬ ಅಧಿಸೂಚನೆ ಹೊರಬಿತ್ತು. ಮರುದಿನವೇ ಅದರ ಜಾರಿಯನ್ನು ಮುಂದೂಡಲಾಯಿತು. ಕೊನೆಗೆ ನವೆಂಬರಿನಿಂದ ಆಮದುದಾರರು ಆನ್‌ಲೈನಿನಲ್ಲಿ ಅನುಮತಿ ಪಡೆಯುವ ವ್ಯವಸ್ಥೆ ಬಂತು. ಬ್ಯಾಗೇಜ್ ನಿಯಮಾವಳಿಯಡಿ ಬರುವ ಸಾಧನಗಳಿಗೆ ಈ ನಿರ್ಬಂಧ ಮೊದಲ ದಿನದಿಂದಲೂ ಅನ್ವಯಿಸಲಿಲ್ಲ. ಅದು ಸ್ಪಷ್ಟವಾಗುವ ತನಕ ವಿದೇಶದಿಂದ ಬರುವವರಲ್ಲಿ ಗೊಂದಲವಿತ್ತು.

ಫೋನುಗಳ ಬೆಲೆ ಏರಿದ ವೇಗಕ್ಕೆ ಸುಂಕರಹಿತ ಮಿತಿ ಸರಿಗಟ್ಟಿಲ್ಲ. 2016ರಲ್ಲಿ 50,000 ರೂಪಾಯಿಯೊಳಗೆ ಒಳ್ಳೆಯ ಫೋನು ಆರಾಮಾಗಿ ಹಿಡಿಸುತ್ತಿತ್ತು. ಈಚಿನ ವರ್ಷಗಳಲ್ಲಿ ಮೇಲ್ದರ್ಜೆಯ ಒಂದೇ ಫೋನು ಆ ಮೊತ್ತದ ದುಪ್ಪಟ್ಟನ್ನು ಮೀರುತ್ತದೆ. ಇನ್ನೊಂದೆಡೆ, ಹಲವು ಮಾದರಿಗಳು ಭಾರತದಲ್ಲೇ ಜೋಡಣೆಯಾಗಿ ಮಾರಾಟವಾಗುತ್ತಿರುವುದರಿಂದ, ಮಿತಿ ಮೀರಿದ ಭಾಗದ ಸುಂಕವನ್ನು ಲೆಕ್ಕ ಹಾಕಿದರೆ ವಿದೇಶದ ಖರೀದಿಯಲ್ಲಿ ಉಳಿತಾಯ ಸಿಗದಿರುವುದೂ ಉಂಟು. ಹೊಸ ಸಾಧನಗಳಾದ ಹೆಡ್‌ಸೆಟ್, ಸ್ಮಾರ್ಟ್ ಕನ್ನಡಕಗಳಿಗೆ ಪ್ರತ್ಯೇಕ ಉಲ್ಲೇಖ 2016ರ ನಿಯಮಾವಳಿಯಲ್ಲಿಲ್ಲ. ಅವು ಸಾಮಾನ್ಯ ಮಿತಿಯ ಲೆಕ್ಕಕ್ಕೇ ಸೇರುತ್ತವೆ.